ಕ್ಯಾನ್ಸರ್ ನೋವಿನ ಉಪಶಮನ: ಕಲಬುರಗಿ ಸೀಮೆಯ ನೆಲೆಯಲ್ಲಿ

ಕಲಬುರಗಿ ಸೀಮೆಯ ಆಡುಮಾತಿನ ‘ಬ್ಯಾನಿ’, ಅಂದರೆ ಗ್ರಂಥಸ್ಥ ಭಾಷೆಯ ‘ಬೇನೆ’, ರೋಗವನ್ನೂ ನೋವನ್ನೂ ಒಟ್ಟಿಗೇ ಸೂಚಿಸುವ ಶಬ್ದ. ವೈದ್ಯಶಾಸ್ತ್ರವಾದರೋ ಇವೆರಡನ್ನೂ ಬೇರ್ಪಡಿಸಿ ನೋಡುತ್ತದೆ. ಉಲ್ಬಣಿಸಿದ ಕ್ಯಾನ್ಸರ್ ಗುಣವಾಗದೆ ಹೋಗಬಹುದು. ಆದರೆ ಅದು ತರುವ ನೋವನ್ನು ಬಹುಪಾಲು ರೋಗಿಗಳಲ್ಲಿ ಹತೋಟಿಗೆ ತರಲು ಸಾಧ್ಯ. ‘ಇನ್ನೇನೂ ಮಾಡುವಂತಿಲ್ಲ’ ಎಂಬ ಮಾತು ರೋಗಕ್ಕೆ ಅನ್ವಯಿಸೀತೇ ಹೊರತು ನೋವಿಗಲ್ಲ.

ಗಡ್ಡೆಯು ಎಲುಬು, ನರ ಹಾಗೂ ಒಳಾಂಗಗಳಿಗೆ ಹರಡಿದಾಗ ತೀವ್ರ ನೋವು ಉಂಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳ ಕ್ರಮವನ್ನು ಸೂಚಿಸಿತು. ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಔಷಧ ಮೊದಲನೆಯದು, ಕೊಡೀನ್‌ನಂಥ ಸೌಮ್ಯ ಅಫೀಮುಜನ್ಯ ಔಷಧ ಎರಡನೆಯದು, ಮಾರ್ಫಿನ್ ಮೂರನೆಯದು. ನೋವು ತೀವ್ರವಾಗಿದ್ದರೆ ಕೆಳಗಿನ ಮೆಟ್ಟಿಲುಗಳಲ್ಲಿ ಕಾಲ ಕಳೆಯಬೇಕಾಗಿಲ್ಲ ಎಂಬುದು ಇಂದಿನ ತಿಳಿವಳಿಕೆ. ಸಾಧಾರಣ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುವುದರಿಂದ, ನೋವು ಮರಳುವವರೆಗೆ ಕಾಯದೆ ಗಡಿಯಾರ ನೋಡಿ ಕೊಡುವುದೇ ಸರಿಯಾದ ವಿಧಾನ. ಎಲುಬಿನ ನೋವಿಗೆ ಒಂದೇ ಬಾರಿಯ ವಿಕಿರಣ ಚಿಕಿತ್ಸೆಯೂ ಅನೇಕರಿಗೆ ನೆರವಾಗುತ್ತದೆ.

ಮಾರ್ಫಿನ್ ಚಟ ಹಿಡಿಸುತ್ತದೆ, ಸಾವನ್ನು ಬೇಗ ತರುತ್ತದೆ ಎಂಬ ಭಯ ವ್ಯಾಪಕವಾಗಿದೆ. ವೈದ್ಯರು ಅಲ್ಪ ಪ್ರಮಾಣದಿಂದ ಆರಂಭಿಸಿ ನೋವಿಗೆ ತಕ್ಕಂತೆ ಏರಿಸುತ್ತ ಹೋದಾಗ ಈ ಎರಡೂ ಅಪಾಯಗಳು ವಿರಳ. ಮೊದಲ ಕೆಲವು ದಿನಗಳ ಮಂಪರು, ವಾಕರಿಕೆ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಉಳಿಯುವುದರಿಂದ ಅದಕ್ಕೆ ಆರಂಭದಿಂದಲೇ ಔಷಧ ಬೇಕು. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ವಿಶೇಷ ಎಚ್ಚರ ಅಗತ್ಯ.

ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರಪ್ರದೇಶಗಳಲ್ಲಿ ಪರವಾನಗಿಯ ಅಡಿ ಅಫೀಮು ಬೆಳೆಯುವ ನಮ್ಮ ದೇಶದಲ್ಲಿಯೇ ರೋಗಿಗಳಿಗೆ ಮಾರ್ಫಿನ್ ದುರ್ಲಭವಾಗಿದ್ದುದು ವಿಪರ್ಯಾಸ. 1985ರ ಮಾದಕ ವಸ್ತುಗಳ ಕಾಯಿದೆಯ ಕಠಿಣ ನಿಯಮಗಳು ಆಸ್ಪತ್ರೆಗಳನ್ನು ಹಿಂಜರಿಯುವಂತೆ ಮಾಡಿದ್ದವು. 2014ರ ತಿದ್ದುಪಡಿಯು ಮಾರ್ಫಿನ್ ಮೊದಲಾದವುಗಳನ್ನು ಅತ್ಯಗತ್ಯ ಮಾದಕ ಔಷಧಗಳ ವರ್ಗಕ್ಕೆ ಸೇರಿಸಿ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ದೇಶದಾದ್ಯಂತ ಏಕರೂಪದ ನಿಯಮವನ್ನು ತಂದಿತು.

ಕಾನೂನು ಸಡಿಲವಾದರೂ ದಾರಿಯ ದೂರ ಉಳಿದಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರವು ಕಲಬುರಗಿ ನಗರದಲ್ಲಿದೆ; ಹುಮನಾಬಾದ್ ರಸ್ತೆಯ ಕಮಲಾಪುರ ಅಲ್ಲಿಂದ ಸುಮಾರು 40 ಕಿ.ಮೀ. ಎಲುಬಿಗೆ ಕ್ಯಾನ್ಸರ್ ಹರಡಿದವರಿಗೆ ಬಸ್ಸಿನ ಒಂದೊಂದು ಕುಲುಕಾಟವೂ ಯಾತನೆಯೇ. ಬಾಯಿಯ ಮೂಲಕ ಕೊಡುವ ಮಾತ್ರೆಯ ಮಹತ್ವ ಇಲ್ಲಿದೆ: ಹೊತ್ತು ಹಾಗೂ ಪ್ರಮಾಣವನ್ನು ವೈದ್ಯರಿಂದ ಕಲಿತ ಮನೆಯವರೇ ಅದನ್ನು ಕೊಡಬಲ್ಲರು. ಆದುದರಿಂದ ತಾಲ್ಲೂಕು ಮಟ್ಟದ ವೈದ್ಯರಿಗೂ ದಾದಿಯರಿಗೂ ಈ ವಿದ್ಯೆಯ ತರಬೇತಿ ದೊರೆತು, ಔಷಧವು ರೋಗಿಯ ಮನೆಯ ಸಮೀಪಕ್ಕೆ ಬರುವುದು ಅವಶ್ಯ.