ಹಳದಿ ತಂತಿಯ ಪಾಠ

ರಜೆಗೆಂದು ಬಳಗಾನೂರಿಗೆ ಬಂದ ತಮ್ಮನ ಮಗನು ತೀರಿಹೋದ ತಂದೆಯ ಪ್ಲೇಸ್ಟೇಷನ್ 2 ಆಟದ ಯಂತ್ರವನ್ನು ಎದೆಗವಚಿಕೊಂಡು ತಂದಿದ್ದನು. ಅದನ್ನು ಟಿ.ವಿ.ಗೆ ಜೋಡಿಸಿದವನು ನಾನೇ. ದನಿ ಬಂದಿತು, ಚಿತ್ರ ಮಾತ್ರ ಕಪ್ಪುಬಿಳುಪು. “ಏನು ಕೆಡಿಸಿದೆಯೋ?” ಎಂದು ಗದರಿದೆನು. ಹುಡುಗನು ಕಣ್ಣೊರಸಿಕೊಂಡು, “ದೊಡ್ಡಪ್ಪಾ, ಹಳದಿ ಪಿನ್ನು ಹಸಿರು ತೂತಿನಾಗ ಐತ್ರಿ” ಎಂದನು.

ಬಿಳಿ, ಕೆಂಪು ತಂತಿಗಳು ಎಡಬಲದ ದನಿಯನ್ನು ಒಯ್ಯುವುವು. ನಮ್ಮ ಎಡದಂಡೆ ಕಾಲುವೆಯೊಂದೇ ಹೊಲದ ನೀರನ್ನೂ ಕುಡಿಯುವ ನೀರನ್ನೂ ತರುವಂತೆ, ಹಳದಿಯೊಂದೇ ಚಿತ್ರದ ಬೆಳಕನ್ನೂ ಬಣ್ಣವನ್ನೂ ತರುವುದು. ಹಸಿರು ರಂಧ್ರವಾದರೋ ಬೆಳಕನ್ನಷ್ಟೇ ಬಲ್ಲುದು. ಬಣ್ಣದ ದಾರಿ ನೀಲಿ, ಕೆಂಪು ರಂಧ್ರಗಳದು.

ಪಿನ್ನನ್ನು ಹಳದಿಗೆ ಚುಚ್ಚಿ, ರಿಮೋಟಿನಲ್ಲಿ ‘ಎ.ವಿ.’ ಆರಿಸಿದೆನು. ಬಣ್ಣ ಮೂಡಿತು. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಹುಡುಗನ ಕ್ಷಮೆ ಕೇಳಿದೆನು. ಅವನು ತಂದೆ ಹಿಡಿಯುತ್ತಿದ್ದ ಆಟದ ಹಿಡಿಕೆಯನ್ನು ನನ್ನ ಕೈಗಿತ್ತನು.