ಕಂಪ್ರೆಸರ್ ಕೆಟ್ಟಿತೇ? ಮೊದಲು ಮುಳ್ಳನ್ನು ನೋಡಿ!

ಬೆಲ್ಲದ ಬಾಗೇವಾಡಿಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ರಸ್ತೆಯ ತುಂಬ ಟ್ರ್ಯಾಕ್ಟರ್‌ಗಳದೇ ಸಾಲು. ನಡುವೆ ಒಂದು ಟ್ರೇಲರ್‌ನ ಗಾಲಿ ಕುಸಿದರೆ ಸಾಕು, ಹಿಂದಿನವರೆಲ್ಲ ನಿಲ್ಲಬೇಕು. ಪಂಚರ್ ಅಂಗಡಿಯಲ್ಲಷ್ಟೇ ಕಾಣುತ್ತಿದ್ದ ಏರ್ ಕಂಪ್ರೆಸರ್ ಹೀಗೇ ಕೆಲವು ರೈತರ ಮನೆಯ ಪಡಸಾಲೆಗೂ ಬಂದಿದೆ. ಟೈರಿಗೆ ಗಾಳಿ, ರೇಡಿಯೇಟರ್ ಜಾಲರಿಯ ಧೂಳು, ಕಿಟಕಿ ಬಾಗಿಲಿಗೆ ಬಣ್ಣ - ಎಲ್ಲಕ್ಕೂ ಅದೇ ಬೇಕು. ಅದು ಒಂದು ದಿನ ಮುಷ್ಕರ ಹೂಡಿದರೆ?

ಕೆಲವರು ನೇರವಾಗಿ ಗುಜರಿಗೆ ಹಾಕುತ್ತಾರೆ. ಇನ್ನು ಕೆಲವರು ಪಾನಾ ಹಿಡಿದು ಕಂಡ ಬೋಲ್ಟನ್ನೆಲ್ಲ ಬಿಚ್ಚುತ್ತಾರೆ. ಮೊದಲನೆಯದು ದುಂದು, ಎರಡನೆಯದು ಅಪಾಯ. ಕಂಪ್ರೆಸರ್‌ನ ಬಹುಪಾಲು ಕಾಯಿಲೆಗಳು ಸಣ್ಣವು. ಕಣ್ಣು, ಕಿವಿ ಮತ್ತು ಒಂದು ಗಡಿಯಾರ ಇದ್ದರೆ ಪತ್ತೆ ಹಚ್ಚಬಹುದು. ಆದರೆ ಒಂದು ಕಾಯಿಲೆಗೆ ಮಾತ್ರ ಮನೆಮದ್ದಿಲ್ಲ. ಆ ಗೆರೆ ಎಲ್ಲಿದೆ ಎಂಬುದು ಮಕ್ಕಳಿಗೂ ಪಾಲಕರಿಗೂ ಗೊತ್ತಿರಬೇಕು.

ಬೆಳಗಾವಿಯ ನಂಟು

ಗಾಳಿ ತುಂಬಿದ ಟೈರಿಗೆ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಅದೇ ವರ್ಷ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಸಹೋದರರ ಸೈಕಲ್ ಅಂಗಡಿ ಆರಂಭವಾಯಿತು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಆ ಅಂಗಡಿಯಿಂದ ಕಬ್ಬಿಣದ ನೇಗಿಲಿನತ್ತ ನಡೆದರು. ಅವರ ಮನೆತನದ ಉದ್ಯಮ 1958ರಲ್ಲಿ ಕಂಪ್ರೆಸರ್‌ಗಳಿಗೆಂದೇ ಪುಣೆಯಲ್ಲಿ ಒಂದು ಕಂಪನಿ ಕಟ್ಟಿತು. ಯಂತ್ರ ಬಿಚ್ಚಿ ನೋಡುವ ಕುತೂಹಲ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದು.

ಒಳಗೆ ನಡೆಯುವುದೇನು?

ಮೋಟಾರು ತಿರುಗಿದಾಗ ಸಿಲಿಂಡರಿನಲ್ಲಿ ಪಿಸ್ಟನ್ ಹಿಂದೆ ಮುಂದೆ ಆಡುತ್ತದೆ. ಒಂದು ವಾಲ್ವ್ ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತದೆ, ಇನ್ನೊಂದು ಹಿಂಡಿದ ಗಾಳಿಯನ್ನು ಟ್ಯಾಂಕಿಗೆ ತಳ್ಳುತ್ತದೆ. ಟ್ಯಾಂಕಿನ ಬಾಯಲ್ಲಿರುವ ನಾನ್ ರಿಟರ್ನ್ ವಾಲ್ವ್, ಹೋದ ಗಾಳಿ ಮರಳದಂತೆ ಕಾಯುತ್ತದೆ. ಒತ್ತಡ ನಿಗದಿತ ಮಟ್ಟ ಮುಟ್ಟಿದಾಗ ಪ್ರೆಶರ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ. ಜತೆಗೆ ಸಣ್ಣ ಕೊಳವೆಯಲ್ಲಿ ಉಳಿದ ಗಾಳಿಯನ್ನು 'ಟುಸ್' ಎಂದು ಹೊರಬಿಡುತ್ತದೆ. ಸ್ವಿಚ್ಚೇ ಕೈಕೊಟ್ಟರೆ ಕಾಪಾಡಲು ಸೇಫ್ಟಿ ವಾಲ್ವ್ ಇದೆ.

1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮ ನೆನಪಿದೆಯೇ? 50 ಲೀಟರ್ ಟ್ಯಾಂಕಿನ ಗೇಜು ಚದರ ಸೆಂಟಿಮೀಟರಿಗೆ 8 ಕಿಲೋ ತೋರಿಸುತ್ತಿದ್ದರೆ, ಮೊದಲೇ ಇದ್ದ ಗಾಳಿಯ ಮೇಲೆ ಸುಮಾರು 400 ಲೀಟರ್ ಹೊರಗಿನ ಗಾಳಿಯನ್ನು ಅದರಲ್ಲಿ ತುರುಕಲಾಗಿದೆ ಎಂದರ್ಥ. ನಿಮಿಷಕ್ಕೆ 100 ಲೀಟರ್ ಕೊಡುವ ಪಂಪಿಗೆ ನಾಲ್ಕು ನಿಮಿಷದ ಕೆಲಸ.

ರೋಗ ಪತ್ತೆ ಹೀಗೆ

ಯಂತ್ರ ಚಾಲೂ ಆಗುತ್ತಿಲ್ಲವೇ? ಮೊದಲು ಗೇಜಿನ ಮುಳ್ಳು ನೋಡಿ. ಟ್ಯಾಂಕ್ ತುಂಬಿದ್ದರೆ ಅದು ಚಾಲೂ ಆಗಬೇಕಾಗಿಯೇ ಇಲ್ಲ! ಗಾಳಿ ಬಳಸಿ ಮುಳ್ಳು ಸಾಕಷ್ಟು ಇಳಿದ ಮೇಲೆ ತಾನಾಗಿ ತಿರುಗುತ್ತದೆ. ಮುಳ್ಳು ಇಳಿದಿದ್ದೂ ಸದ್ದಿಲ್ಲವೆಂದರೆ ಪ್ಲಗ್, ಫ್ಯೂಸ್, ಓವರ್‌ಲೋಡ್ ಗುಂಡಿ ನೋಡಿ.

'ಗುಂಯ್' ಎನ್ನುತ್ತದೆ, ತಿರುಗುವುದಿಲ್ಲವೇ? ತಕ್ಷಣ ಆಫ್ ಮಾಡಿ. ಇಲ್ಲವಾದರೆ ಮೋಟಾರಿನ ವೈಂಡಿಂಗ್ ಸುಡುತ್ತದೆ. ತೆಳ್ಳಗಿನ ಉದ್ದನೆಯ ವೈರು ಎಳೆದು ಜೋಡಿಸಿದ್ದರೆ ವೋಲ್ಟೇಜು ಕುಸಿದಿರಬಹುದು. ಗೋಡೆಯ ಪ್ಲಗ್ಗಿಗೇ ಹಾಕಿ ನೋಡಿ. ಕಳೆದ ಸಲ ನಿಂತಾಗ 'ಟುಸ್' ಸದ್ದು ಬಂದಿರದಿದ್ದರೆ ಪಿಸ್ಟನ್ ಮೇಲೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ಅಲ್ಲವಾದರೆ ಕೆಪಾಸಿಟರ್ ಮೇಲೆ ಸಂಶಯ. ಇದು ಅಗ್ಗದ ವಸ್ತು. ಆದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದು ವೈರಮನ್‌ನ ಕೆಲಸ, ಮಕ್ಕಳದಲ್ಲ.

ಓಡುತ್ತದೆ, ಒತ್ತಡ ಏರುವುದಿಲ್ಲವೇ? ಆದಷ್ಟು ಗಾಳಿ ತುಂಬಿಸಿ, ಆಫ್ ಮಾಡಿ, ಹತ್ತು ನಿಮಿಷ ಕಾಯಿರಿ. ಮುಳ್ಳು ಇಳಿಯುತ್ತಿದ್ದರೆ ಸೋರಿಕೆ ಇದೆ. ಸೋಪಿನ ನೀರನ್ನು ಪ್ರತಿ ಕೀಲಿಗೂ ಹಚ್ಚಿ. ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕ! ಪ್ರೆಶರ್ ಸ್ವಿಚ್ಚಿನ ಅಡಿಯಿಂದ ಗಾಳಿ ಬರುತ್ತಲೇ ಇದ್ದರೆ ತಪ್ಪು ಸಾಮಾನ್ಯವಾಗಿ ಸ್ವಿಚ್ಚಿನದಲ್ಲ, ನಾನ್ ರಿಟರ್ನ್ ವಾಲ್ವಿನದು. ಅದರಲ್ಲಿ ಕಸ ಸಿಕ್ಕಿರುತ್ತದೆ. ಮುಳ್ಳು ಅಲ್ಲಾಡದೆ ನಿಂತರೆ ಟ್ಯಾಂಕು, ಕೀಲುಗಳು ಸರಿ ಇವೆ, ದೋಷ ಪಂಪಿನಲ್ಲಿದೆ. ಮೊದಲು ಏರ್ ಫಿಲ್ಟರ್ ಸ್ವಚ್ಛ ಮಾಡಿ, ಬೆಲ್ಟ್ ಸಡಿಲವಾಗಿದೆಯೇ ನೋಡಿ. ಆಮೇಲೆ ಫಿಟರ್‌ನಿಂದ ವಾಲ್ವ್, ಗ್ಯಾಸ್ಕೆಟ್, ಪಿಸ್ಟನ್ ರಿಂಗ್‌ಗಳನ್ನು ಪರೀಕ್ಷೆ ಮಾಡಿಸಿ.

ವಿದ್ಯಾರ್ಥಿಗಳಿಗೊಂದು ಸಲಹೆ. ಯಂತ್ರ ಚೆನ್ನಾಗಿದ್ದಾಗಲೇ, ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಬೇಕೆಂದು ಅಳೆದು ಗೋಡೆಯ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ನಾಲ್ಕು ನಿಮಿಷದ್ದು ಆರಾದರೆ ಪಂಪು ಸೊರಗುತ್ತಿದೆ ಅಥವಾ ಗಾಳಿ ಸೋರುತ್ತಿದೆ ಎಂದು ತಿಳಿಯಿರಿ.

ದಾಟಬಾರದ ಗೆರೆ

ಮನೆಮದ್ದಿಲ್ಲದ ಆ ಕಾಯಿಲೆ ಟ್ಯಾಂಕಿನ ತುಕ್ಕು. ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚು. ಹಿಂಡಿದ ಗಾಳಿ ತಣ್ಣಗಾದಾಗ ಆ ತೇವ ನೀರಾಗಿ ತಳಕ್ಕಿಳಿಯುತ್ತದೆ. 50 ಲೀಟರ್ ಟ್ಯಾಂಕು ಒಂದು ಸಲ ತುಂಬಿದರೆ ಎರಡು ಚಹಾ ಚಮಚದಷ್ಟು ನೀರು ಕೂಡಬಹುದು! ತಳದ ಡ್ರೇನ್ ಕಾಕ್ ತೆರೆಯದೆ ತಿಂಗಳುಗಟ್ಟಲೆ ಬಿಟ್ಟರೆ ಕಬ್ಬಿಣ ಒಳಗಿನಿಂದಲೇ ಸವೆಯುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ.

ಸೂಜಿಮೊನೆಯಷ್ಟು ತೂತು ಬಿದ್ದರೆ 'ಒಂದು ವೆಲ್ಡಿಂಗ್ ಹಾಕಿಸಿದರಾಯ್ತು' ಎನ್ನುವವರಿದ್ದಾರೆ. ಖಂಡಿತ ಬೇಡ. ತೂತು ಬಿದ್ದಿತೆಂದರೆ ಸುತ್ತಲಿನ ತಗಡೂ ತೆಳುವಾಗಿದೆ ಎಂದೇ ಅರ್ಥ. ತುಂಬಿದ 50 ಲೀಟರ್ ಟ್ಯಾಂಕಿನಲ್ಲಿ ಅಂದಾಜು 50 ಕಿಲೋಜೂಲ್ ಶಕ್ತಿ ಅಡಗಿರುತ್ತದೆ. ಒಂದು ಕ್ವಿಂಟಲ್ ಮೂಟೆ 52 ಮೀಟರ್ ಎತ್ತರದ ಗೋಕಾಕ ಜಲಪಾತದ ತುದಿಯಿಂದ ಬಿದ್ದರೆ ಇಷ್ಟೇ ಪೆಟ್ಟು. ಅದು ಪಡಸಾಲೆಯಲ್ಲಿ, ಮಕ್ಕಳ ಪಕ್ಕದಲ್ಲಿ ಸಿಡಿದರೆ? ಸೇಫ್ಟಿ ವಾಲ್ವ್ ಸೋರುತ್ತದೆಂದು ಅದಕ್ಕೆ ಬಿರಡೆ ಜಡಿಯುವುದೂ ಇಷ್ಟೇ ಘೋರ. ಗಾಳಿಯ ನಳಿಕೆಯನ್ನು ಮೈಗೆ ಹಿಡಿದು ಆಟವಾಡುವುದಂತೂ ಸಲ್ಲದು. ಯಾವ ಬೋಲ್ಟು ಬಿಚ್ಚುವ ಮೊದಲೂ ಪ್ಲಗ್ ಕೀಳಬೇಕು, ಮುಳ್ಳು ಸೊನ್ನೆಗೆ ಬರಬೇಕು.

ಹೊಸದು ಕೊಳ್ಳುವಾಗ

ಟ್ಯಾಂಕು ಗಟ್ಟಿಯಿದ್ದು ಪಂಪು ಸವೆದಿದ್ದರೆ, ಅದೇ ಸಾಮರ್ಥ್ಯದ ಪಂಪು ಮಾತ್ರ ಬದಲಿಸಿದರೆ ಸಾಕು. ಟ್ಯಾಂಕು ಹೋಗಿದ್ದರೆ ಮೋಟಾರು, ಪಂಪುಗಳನ್ನು ಹೊಸ ಟ್ಯಾಂಕಿಗೆ ಜೋಡಿಸಲು ಬರುತ್ತದೆಯೇ ವಿಚಾರಿಸಿ. ಹಳೆಯ ಗ್ಯಾಸ್ ಸಿಲಿಂಡರನ್ನು ಟ್ಯಾಂಕಾಗಿ ಮಾಡುವ ಸಾಹಸ ಬೇಡ. ರಿಪೇರಿಯ ಖರ್ಚು ಹೊಸದರ ಬೆಲೆಯ ಹತ್ತಿರ ಬಂದರೆ ಮೂಗಿಗಿಂತ ಮೂಗುತಿ ಭಾರವಾದಂತೆ, ಹೊಸದನ್ನೇ ಕೊಳ್ಳಿ. ಅಂಗಡಿಯಲ್ಲಿ 'ಎಷ್ಟು ಎಚ್‌ಪಿ?' ಎಂದಷ್ಟೇ ಕೇಳಬೇಡಿ, 'ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ?' ಎಂದು ಕೇಳಿ. ಬೈಕಿನ ಟೈರಿಗೆ ಚಿಕ್ಕದು ಸಾಕು. ಟ್ರ್ಯಾಕ್ಟರ್‌ನ ಹಿಂದಿನ ಗಾಲಿಗೆ ಒತ್ತಡ ಕಡಿಮೆಯೇ ಬೇಕಾದರೂ ಗಾಳಿ ಬಹಳ ಬೇಕು. ಬೆಲ್ಟಿಗೆ ಜಾಲರಿ ಇದೆಯೇ ಎಂಬುದನ್ನೂ ನೋಡಿ.

ಪಾಲಕರೇ, ಮಕ್ಕಳ ಕೈಗೆ ಗಡಿಯಾರ ಮತ್ತು ಸೋಪಿನ ನೀರು ಕೊಡಿ. ಪಾನಾ ನಿಮ್ಮ ಬಳಿ ಇರಲಿ. ಮನೆಯಲ್ಲಿ ಕಂಪ್ರೆಸರ್ ಇದ್ದರೆ ಇಂದು ಸಂಜೆಯೇ ಒತ್ತಡ ಇಳಿಸಿ, ತಳದ ಕಾಕ್ ನಿಧಾನವಾಗಿ ತೆರೆಯಿರಿ. ಕೆಳಗೊಂದು ಬಿಳಿ ಬಟ್ಟಲು ಇಡಿ. ನೀರು ತಿಳಿಯಾಗಿದ್ದರೆ ದಿನವೂ ಹಾಗೇ ತೆಗೆಯುತ್ತ ಹೋಗಿ. ಕೆಂಪಾಗಿದ್ದರೆ ಯಂತ್ರ ನಿಲ್ಲಿಸಿ, ಬಲ್ಲವರಿಂದ ಟ್ಯಾಂಕನ್ನು ಪರೀಕ್ಷೆ ಮಾಡಿಸಿ.