ವಾರ್ಮರ್ ಪಕ್ಕದಲ್ಲಿ ಬಾಣಂತಿ ಮಂಚ

ಒಂದೂಕಾಲು ಕಿಲೋ ತೂಕದ ಕೂಸಿಗೆ ನಮಗೆ ಹಿತವೆನಿಸುವ ಕೋಣೆಯೂ ಕೊರೆಯುವ ಚಳಿಯೇ. ಚರ್ಮ ತೆಳು, ಅದರಡಿ ಕೊಬ್ಬು ಕೂಡಿಲ್ಲ. ಒಳಗೆ ಹುಟ್ಟುವ ಶಾಖಕ್ಕಿಂತ ಹೊರಗೆ ಸೋರುವುದೇ ಹೆಚ್ಚು. ಮೈ ತಣ್ಣಗಾದರೆ ಉಸಿರು ಏರುಪೇರಾಗುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಗರ್ಭಕ್ಕೆ 37 ವಾರ ತುಂಬುವ ಮೊದಲೇ ಹುಟ್ಟುವ ಶಿಶುಗಳು ಭಾರತದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ. ಬೇರಾವ ದೇಶದಲ್ಲೂ ಇಷ್ಟಿಲ್ಲ.

ಆಸ್ಪತ್ರೆಗಳು ಇದಕ್ಕೆ ಕಂಡುಕೊಂಡಿದ್ದ ದಾರಿ ಸರಳವಾಗಿತ್ತು: ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು), ತಾಯಿ ಹೊರಗಿನ ವಾರ್ಡಿನಲ್ಲಿ. ಸೋಂಕು ತಗುಲೀತೆಂಬ ಭಯದಿಂದ ಹೆತ್ತವಳನ್ನೂ ಸಂದರ್ಶಕರ ಸಾಲಿನಲ್ಲೇ ನಿಲ್ಲಿಸಲಾಗುತ್ತಿತ್ತು.

ಈ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಬಡತನದಿಂದ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಒಂದರಲ್ಲೇ ಹಲವು ಕೂಸುಗಳನ್ನು ಮಲಗಿಸುತ್ತಿದ್ದರು. ಸೋಂಕು ಒಂದರಿಂದ ಇನ್ನೊಂದಕ್ಕೆ ಹರಡುತ್ತಿತ್ತು. ಡಾ. ಎಡ್ಗರ್ ರೇ ಸನಾಬ್ರಿಯಾ ಮಕ್ಕಳನ್ನು ತಾಯಂದಿರ ಎದೆಯ ಮೇಲೇ ಇಡಿಸಿದರು. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. ಆದರೂ ಬಹುಕಾಲ ಇದು ಯಂತ್ರ ಕೊಳ್ಳಲಾಗದವರ ಉಪಾಯ ಎಂಬ ತಾತ್ಸಾರ ಹೋಗಲಿಲ್ಲ. ಮಗು ಚೇತರಿಸಿಕೊಂಡ ಮೇಲಷ್ಟೇ ಎದೆಗೆ ಎಂಬ ನಿಯಮವೂ ಉಳಿಯಿತು. ಸಾವು ಹೆಚ್ಚು ಸಂಭವಿಸುವುದೋ, ಆ ಚೇತರಿಕೆಗೆ ಮೊದಲಿನ ದಿನಗಳಲ್ಲೇ!

ಹುಟ್ಟಿದೊಡನೆಯೇ ಎದೆಗಿಟ್ಟರೆ? ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪರೀಕ್ಷೆಗೊಡ್ಡಿತು. ಒಂದು ಕಿಲೋದಿಂದ 1.8 ಕಿಲೋದೊಳಗಿನ 3,200ಕ್ಕೂ ಹೆಚ್ಚು ಶಿಶುಗಳು. ನಿಗಾ ಘಟಕದೊಳಗೇ ಬಾಣಂತಿಯರಿಗೂ ಮಂಚ. ಎಂದಿನ ಕ್ರಮದಲ್ಲಿ ಮೊದಲ 28 ದಿನಗಳಲ್ಲಿ ಶೇ 15.7ರಷ್ಟು ಶಿಶುಗಳು ತೀರಿಕೊಂಡರೆ, ತಕ್ಷಣ ಎದೆಗೇರಿದ ಗುಂಪಿನಲ್ಲಿ ಶೇ 12. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು, ಮರುವರ್ಷ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಸ್ವಂತವಾಗಿ ಉಸಿರಾಡಲಾಗದ ಮಗುವಿಗೆ ಯಂತ್ರ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ.

ಮಾಡುವ ವಿಧಾನದಲ್ಲಿ ಗುಟ್ಟೇನಿಲ್ಲ, ಸೂಕ್ಷ್ಮವಿದೆ. ಮಗುವಿಗೆ ಕುಲಾವಿ, ಕಾಲುಚೀಲ, ಡೈಪರ್ ಬಿಟ್ಟು ಬೇರೆ ಬಟ್ಟೆಯಿಲ್ಲ. ಕೈಕಾಲು ಮಡಚಿ, ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ ಇಟ್ಟು, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸುತ್ತಾರೆ. ಕತ್ತು ಮುಂದಕ್ಕೆ ಬಾಗಿದರೆ ಉಸಿರಿನ ದಾರಿ ಮುಚ್ಚೀತು, ಅದಕ್ಕೇ ಗಲ್ಲ ತುಸು ಮೇಲಕ್ಕೆ. ಬಟ್ಟೆಯಿಂದ ಬಿಗಿದು ಕಟ್ಟಿದ ಮೇಲೆ ತಾಯಿ ಒರಗಿ ಕೂರಬಹುದು, ಮಲಗಬಹುದು. ಚೀಪಿ, ನುಂಗಿ, ಉಸಿರಾಡುವ ಮೂರನ್ನೂ ಹೊಂದಿಸಿಕೊಳ್ಳಲು ಮಗುವಿಗೆ ಸಾಮಾನ್ಯವಾಗಿ ಗರ್ಭದ ದಿನಗಳಿಂದಲೇ ಎಣಿಸಿ 34 ವಾರ ತುಂಬಬೇಕು. ಅಲ್ಲಿಯವರೆಗೆ ಹಿಂಡಿದ ಎದೆಹಾಲು: ಮೊದಲು ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ. ನಮ್ಮ ಅಜ್ಜಿಯಂದಿರ ಒಳಲೆ ಎನ್‌ಐಸಿಯುನಲ್ಲೂ ಜಾಗ ಉಳಿಸಿಕೊಂಡಿದೆ.

ಕರ್ನಾಟಕದಲ್ಲಿ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಪ್ರಯತ್ನ ನಡೆದದ್ದು ಕೊಪ್ಪಳದಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಸರ್ಕಾರಿ ಆರೋಗ್ಯ ವ್ಯವಸ್ಥೆಯೊಂದಿಗೇ ಕೆಲಸ ಮಾಡಿದರು. ಇಂಥಲ್ಲಿ ತೊಡಕಾಗುವುದು ವಿಜ್ಞಾನವಲ್ಲ, ಚಿಲ್ಲರೆ ಎನಿಸುವ ಸಂಗತಿಗಳು: ಒರಗುವ ಕುರ್ಚಿ, ಹತ್ತಿರದಲ್ಲೊಂದು ಶೌಚಾಲಯ, ಬಾಣಂತಿಗೆ ಹೊತ್ತುಹೊತ್ತಿಗೆ ಊಟ, ಮರೆಗೊಂದು ಪರದೆ. ಟೆಂಡರ್ ಪಟ್ಟಿಯಲ್ಲಿ ಮಗುವನ್ನು ಬೆಚ್ಚಗಿಡುವ ಯಂತ್ರ, ವಾರ್ಮರ್, ಬರುತ್ತದೆ, ಇವು ಬರುವುದು ಅಪರೂಪ.

ಸಿಸೇರಿಯನ್ ಆದ ತಾಯಿ ಏಳಲಾರದಿದ್ದರೆ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರ ಎದೆಯಾದರೂ ಸರಿ. ದಿನಕ್ಕೆ ಎಂಟು ಗಂಟೆಯಾದರೂ ಬೇಕು, ಮನೆಗೆ ಹೋದ ಮೇಲೂ ಮುಂದುವರಿಯಬೇಕು. ಎಲ್ಲಿಯವರೆಗೆ ಎಂದು ಕೇಳಿದರೆ ಮಗುವೇ ಹೇಳುತ್ತದೆ: ಎರಡೂವರೆ ಕಿಲೋ ಆಸುಪಾಸಿಗೆ ಬಂದಾಗ ಕೈಕಾಲು ಬಡಿದು, ಕಿರುಚಿ, ಬಟ್ಟೆಯಿಂದ ಹೊರಬರಲು ಗಲಾಟೆ ಎಬ್ಬಿಸುತ್ತದೆ.